ಮಘೆ ಮಳೆಗೆ ಬಿತ್ತಲು ಊರಿನಲ್ಲಿ ಬೀಜ ಎಲ್ಲಿದೆ? ಪಾವಗಡ, ಚಳ್ಳಕೆರೆ, ಮಧುಗಿರಿ ಸೀಮೆಯ ಬೆದ್ದಲು (ಮಳೆಯಾಶ್ರಿತ) ಬೇಸಾಯದ ಕುರಿತು ಚರ್ಚೆ

ಕೆಂಪುಮಸಬು, ಪಾವಗಡ ತಾಲ್ಲೂಕು

ನಮ್ಮ ಸೀಮೆಯಲ್ಲಿ ಮುಂಗಾರು ತಡವಾಗುವುದು ಹೊಸ ಸಂಗತಿಯಲ್ಲ. ಮಧ್ಯ ಒಣವಲಯದ ಈ ತಾಲ್ಲೂಕುಗಳಲ್ಲಿ ವರ್ಷದ ಮಳೆಯೇ 450ರಿಂದ 650 ಮಿಲಿಮೀಟರ್‌ಗಳ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಹಿಂದಿನವರು ಇದನ್ನು ಅರಿತೇ ಬೇಸಾಯ ಹೂಡುತ್ತಿದ್ದರು. ಆರಿದ್ರೆಗೆ (ಜೂನ್ ಕೊನೆ) ಹದವಾದರೆ ಒಂದು ಬೆಳೆ, ಪುಷ್ಯಕ್ಕೆ (ಜುಲೈ ಕೊನೆ) ಹದವಾದರೆ ಇನ್ನೊಂದು, ಆಶ್ಲೇಷ ಮಘೆಗಳವರೆಗೂ (ಆಗಸ್ಟ್) ಮಳೆ ಕೈಕೊಟ್ಟರೆ ಮತ್ತೊಂದು ಎಂದು ಅವರ ಬಳಿ ಉತ್ತರವಿರುತ್ತಿತ್ತು, ಆ ಉತ್ತರಕ್ಕೆ ಬೇಕಾದ ಬೀಜ ಗುಡಾಣದಲ್ಲಿರುತ್ತಿತ್ತು. ಈಗ ಬಹುಪಾಲು ಹೊಲಗಳಿಗೆ ಒಂದೇ ಬೆಳೆ, ಕಡಲೆಕಾಯಿ. ನೀರು ತುಸು ಹೆಚ್ಚಿರುವ ಕಡೆ ಮುಸುಕಿನ ಜೋಳ. ಜುಲೈ ಕಳೆದು ಕಡಲೆಕಾಯಿಯ ಗಡುವು ಮೀರಿತೆಂದರೆ ಹೊಲವನ್ನು ಬೀಳು ಬಿಡುವುದೇ ರೂಢಿಯಾಗಿದೆ. ಆಗಸ್ಟ್ ಮೂರನೆಯ ವಾರದಲ್ಲಿ ಒಳ್ಳೆಯ ಮಳೆ ಬಂದರೂ, ಬಿತ್ತಬಹುದಾದ ನವಣೆಯಾಗಲಿ, ಸಾಮೆಯಾಗಲಿ ಆ ವಾರದಲ್ಲಿ ಊರಿನಲ್ಲಿ ಸಿಗುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಕೇಳುವವರಿಲ್ಲದ ಬೀಜವನ್ನು ಯಾರೂ ದಾಸ್ತಾನು ಮಾಡುವುದಿಲ್ಲ, ರೈತ ಸಂಪರ್ಕ ಕೇಂದ್ರಕ್ಕೆ ಬೇಡಿಕೆ ಕಳುಹಿಸಿ ತರಿಸುವಷ್ಟರಲ್ಲಿ ನೆಲದ ತೇವ ಆರಿರುತ್ತದೆ.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬೇಸಾಯ ಎಂದಾಗ ಕೃಷಿ ಹೊಂಡ, ಹನಿ ನೀರಾವರಿ, ಮುನ್ಸೂಚನೆಯ ಆ್ಯಪ್‌ಗಳ ಮಾತು ಬಹಳ ಬರುತ್ತದೆ. ಅವೆಲ್ಲ ಬೇಕಾದವೇ. ಆದರೆ ನನ್ನ ಅಭಿಪ್ರಾಯದಲ್ಲಿ ನಮ್ಮಂಥ ಊರುಗಳಲ್ಲಿ ಮೊದಲು ಕಡಿದುಹೋದ ಕೊಂಡಿ ತಡಮಳೆಯ ಬೀಜದ್ದು. ಊರಿಗೊಂದು ಬೀಜ ಭಂಡಾರ ಮಾಡಿಕೊಂಡು ಅದನ್ನು ಮರಳಿ ಕಟ್ಟದೆ ಉಳಿದ ಯಾವ ಏರ್ಪಾಡೂ ಕಾಳನ್ನು ಮನೆಗೆ ತರುವುದಿಲ್ಲ.

ಮನೆಯ ಊಟಕ್ಕೆ ಇದು ಏಕೆ ಮುಖ್ಯವೆಂದರೆ, ಪಡಿತರದ ಅಕ್ಕಿಯೊಂದನ್ನೇ ನಂಬಿ ಕೂರುವುದು ಎಷ್ಟು ತೆಳುವಾದ ಆಸರೆ ಎಂಬುದು 2023ರಲ್ಲಿ ಕಣ್ಣಿಗೆ ಕಂಡಿದೆ. ಹೆಚ್ಚುವರಿ ಅಕ್ಕಿ ಹೊಂದಿಸಲು ರಾಜ್ಯಕ್ಕೆ ಸಾಧ್ಯವಾಗದೆ, ಕೆ.ಜಿ.ಗೆ 34 ರೂಪಾಯಿಯಂತೆ ಹಣ ನೀಡಬೇಕಾಯಿತು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಹೊಲದಲ್ಲಿ ಕಾಳಿಲ್ಲದ ವರ್ಷವೇ ಅಂಗಡಿಯಲ್ಲಿ ಬೆಲೆ ಏರುವುದು.

ನಿಮ್ಮ ಊರುಗಳಲ್ಲಿ ತಡಮಳೆಗೆ ಏನನ್ನು ಬಿತ್ತುತ್ತಾರೆ, ಬೀಜ ಎಲ್ಲಿಂದ ಬರುತ್ತದೆ, ಯಾರು ಕಾಪಿಡುತ್ತಾರೆ ಎಂಬುದನ್ನು ದಯವಿಟ್ಟು ಬರೆಯಿರಿ.

ಎರೆಹೊಲ, ಹುನಗುಂದ

ನಮ್ಮದು ಎರೆ (ಕಪ್ಪು ಮಣ್ಣಿನ) ಭೂಮಿ. ನಿಮ್ಮ ಕೆಂಪು ಮಸಬಿನ (ಹಗುರ ಕೆಂಪು ಮಣ್ಣಿನ) ಲೆಕ್ಕ ಇಲ್ಲಿಗೆ ನೇರವಾಗಿ ಹೊಂದುವುದಿಲ್ಲ. ಎರೆ ಮಣ್ಣು ನೀರನ್ನು ಆಳದಲ್ಲಿ ಹಿಡಿದಿಡುತ್ತದೆ. ಆದ್ದರಿಂದ ಮುಂಗಾರಿಯಲ್ಲಿ ಹೊಲವನ್ನು ಖಾಲಿ ಬಿಟ್ಟು, ಬಿದ್ದ ಮಳೆಯನ್ನೆಲ್ಲ ನೆಲಕ್ಕೆ ಉಣಿಸಿ, ಉತ್ತರಿ ಹಸ್ತ ಮಳೆಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವುದು ನಮ್ಮ ಹಿಂಗಾರಿ ಪದ್ಧತಿ. ಮಾಲದಂಡಿ ಎಂದು ಕರೆಯುವ ಎಂ 35-1 ಜೋಳ ಇಷ್ಟು ದಶಕಗಳ ನಂತರವೂ ಹೊಲದಿಂದ ಹೋಗಿಲ್ಲ, ಏಕೆಂದರೆ ಅದರ ರೊಟ್ಟಿಯೂ ಚೆನ್ನ, ಕಣಿಕೆಯೂ ದನಕ್ಕೆ ಇಷ್ಟ.

ಇಲ್ಲಿ ಬೀಜಕ್ಕಿಂತ ಮೊದಲು ಒಡ್ಡು. ಹುನಗುಂದ ಸೀಮೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ದೊಡ್ಡ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣನ್ನು ಕೊಚ್ಚದೆ ಇಳಿದು ಹೋಗಲು ಕಲ್ಲಿನ ಕೋಡಿ ಕಟ್ಟಿ, ಮೇಲಿನ ಹೊಲದ ನೀರು ಕೆಳಗಿನ ಹೊಲಕ್ಕೆ ಹದವಾಗಿ ಸಾಗುವಂತೆ ಮಾಡಿದ ಮನೆತನಗಳಿವೆ. ಒಡ್ಡು ಒಡೆದ ಹೊಲದಲ್ಲಿ ಯಾವ ತಳಿ ಬಿತ್ತಿದರೂ ಬಾಡುತ್ತದೆ. ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಹೇಳುತ್ತಿರುವ ಚೌಕುಮಡಿಯ ತಿರುಳೂ ಇದೇ: ಜೂನ್ ಜುಲೈನಲ್ಲೇ ಹೊಲವನ್ನು ಸಣ್ಣ ಮಡಿಗಳಾಗಿ ಕಟ್ಟಿದರೆ ಮಳೆ ಬಿದ್ದಲ್ಲಿಯೇ ಇಂಗುತ್ತದೆ, ಸೆಪ್ಟೆಂಬರಿನ ಬಿತ್ತನೆಗೆ ಹದ ಉಳಿಯುತ್ತದೆ.

ಆದ್ದರಿಂದ ಬೀಜದ ಕೊಂಡಿಯೇ ಮೊದಲನೆಯದು ಎಂಬ ಮಾತನ್ನು ಎಲ್ಲ ಒಣಭೂಮಿಗೂ ಅನ್ವಯಿಸಬೇಡಿ ಎಂದು ಕೋರುತ್ತೇನೆ. ಮಣ್ಣಿನ ಆಳ ನೋಡಿ ಮಾತಾಡಬೇಕು.

ಕಡಲೆಬಳ್ಳಿ, ಚಳ್ಳಕೆರೆ

ಚರ್ಚೆ ಆರಂಭಿಸಿದವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಕಡಲೆಕಾಯಿಯನ್ನು ರೈತ ಮೂಢನಂಬಿಕೆಯಿಂದ ಹಿಡಿದುಕೊಂಡಿಲ್ಲ. ಮಕ್ಕಳ ಓದು, ಆಸ್ಪತ್ರೆ, ಮದುವೆ, ಬಡ್ಡಿ, ಇವುಗಳಲ್ಲಿ ಯಾವುದನ್ನೂ ನವಣೆ ತೀರಿಸುವುದಿಲ್ಲ. ನಮ್ಮ ಕಡೆ ಬಳ್ಳಿಯ ಹೊಟ್ಟೂ ಕುರಿ ದನಗಳಿಗೆ ಬೇಕಾದ ಮೇವು. ಸಾಲ ಕೊಡುವ ಮಂಡಿಯವರಿಗೂ ಕಡಲೆಕಾಯಿ ಗೊತ್ತು, ಊದಲು ಎಂಬ ಸಿರಿಧಾನ್ಯ ಗೊತ್ತಿಲ್ಲ.

ಇನ್ನೊಂದು ಮಾತು. 2023ನ್ನೇ ತೆಗೆದುಕೊಳ್ಳಿ. ಜೂನ್ ಒಣಗಿತು, ಜುಲೈ ಕೊನೆಯ ವೇಳೆಗೆ ಮಳೆ ಬಂತು, ಜನ ಬಿತ್ತಿದರು. ಬಂದ ಆಗಸ್ಟ್ ತಿಂಗಳು ದೇಶದ ಮಟ್ಟಿಗೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ಆ ವರ್ಷ ನಿಮ್ಮ ಬೀಜ ಭಂಡಾರ ತುಂಬಿದ್ದರೂ ಏನು ಮಾಡುತ್ತಿತ್ತು? ತಡಮಳೆಯ ಬೀಜವನ್ನು ನಂಬಿ ಬಿತ್ತಿದವನು ಎರಡನೆಯ ಬಾರಿ ಖರ್ಚು ಮಾಡಿ ಎರಡನೆಯ ಬಾರಿ ಕಳೆದುಕೊಳ್ಳುತ್ತಾನೆ. ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಕಳೆ, ಎಲ್ಲವೂ ಮತ್ತೆ. ಒಂದು ವರ್ಷ ಹೊಲ ಬೀಳು ಬಿಟ್ಟು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವುದು ಸೋಮಾರಿತನವಲ್ಲ. ನಷ್ಟವನ್ನು ಅಷ್ಟಕ್ಕೇ ನಿಲ್ಲಿಸುವ ದಾರಿ ಅದು.

ಕೆಂಪುಮಸಬು, ಪಾವಗಡ ತಾಲ್ಲೂಕು

ಚಳ್ಳಕೆರೆಯವರು ಎತ್ತಿದ ಆಕ್ಷೇಪ ತೂಕದ್ದು. ಕಡಲೆಕಾಯಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಾಸಿನ ಬೆಳೆ ಕಾಸಿನ ಬೆಳೆಯಾಗಿಯೇ ಇರಲಿ. ಅದು ತಪ್ಪಿದ ವರ್ಷ ಹೊಲ ಏನೂ ಕೊಡದಂತಾಗಬಾರದು ಎಂಬುದಷ್ಟೇ ನನ್ನ ವಾದ.

ಎರಡನೆಯ ಬಾರಿಯ ಖರ್ಚಿನ ವಿಷಯಕ್ಕೆ ಬರೋಣ. ಕಡಲೆಕಾಯಿಗೆ ಎಕರೆಗೆ 40ರಿಂದ 50 ಕೆ.ಜಿ. ಬಿತ್ತನೆ ಕಾಳು ಬೇಕು. ನವಣೆಗೆ ಎಕರೆಗೆ 3ರಿಂದ 4 ಕೆ.ಜಿ., ಕೂರಿಗೆಯಲ್ಲಿ ಸಾಲಾಗಿ ಬಿತ್ತುವ ರಾಗಿಗೆ 4ರಿಂದ 5 ಕೆ.ಜಿ., ಹುರಳಿಗೆ ಸುಮಾರು 10ರಿಂದ 12 ಕೆ.ಜಿ. ಸಾಕು. ಒಂದು ಊರಿನಲ್ಲಿ ನೂರು ಎಕರೆ ಬಿತ್ತದೆ ಉಳಿಯಿತು ಎಂದಿಟ್ಟುಕೊಳ್ಳಿ. ಅಷ್ಟಕ್ಕೂ ನವಣೆ ಬಿತ್ತಲು ನಾಲ್ಕು ಕ್ವಿಂಟಾಲ್‌ಗಿಂತ ಹೆಚ್ಚು ಬೀಜ ಬೇಡ. ಅದನ್ನು ಒಂದೇ ಎಕರೆಯಲ್ಲಿ, ಸ್ವಲ್ಪ ನೀರಿನ ಆಸರೆ ಇರುವ ಕಡೆ, ಹಿಂದಿನ ವರ್ಷವೇ ಬೆಳೆದಿಟ್ಟುಕೊಳ್ಳಬಹುದು. ಕಡಲೆಕಾಯಿಗಾದರೆ ಅದೇ ನೂರು ಎಕರೆಗೆ 40ರಿಂದ 50 ಕ್ವಿಂಟಾಲ್ ಕಾಳು ಬೇಕು. ಅಷ್ಟನ್ನು ಕಾಪಿಡುವ ಶಕ್ತಿ ಯಾವ ಊರಿಗೂ ಇಲ್ಲ, ಅದಕ್ಕಾಗಿಯೇ ಸಾಲ. ತಡಮಳೆಯ ಬೆಳೆಗಳಲ್ಲಿ ಬೀಜದ ಸಾಲವೆಂಬುದೇ ಹುಟ್ಟುವುದಿಲ್ಲ.

2023ರಂಥ ವರ್ಷಕ್ಕೆ ಉತ್ತರವೆಂದರೆ ಒಂದೇ ಬೀಜವನ್ನು ಇಡದೆ ಮೂರು ಮೆಟ್ಟಿಲುಗಳಲ್ಲಿ ಇಡುವುದು. ಆಗಸ್ಟ್ ಮೊದಲರ್ಧದವರೆಗೆ ಅಲ್ಪಾವಧಿ ರಾಗಿ. ಆಗಸ್ಟ್ ಕೊನೆಯವರೆಗೆ ನವಣೆ, ಸಾಮೆ. ಅದೂ ತಪ್ಪಿದರೆ ಸೆಪ್ಟೆಂಬರಿನಲ್ಲಿ ಹುರಳಿ. ಹುರಳಿ ಹುಬ್ಬೆ ಮಳೆಯ ನಂತರವೂ ಬರುತ್ತದೆ, ಇಬ್ಬನಿಯಲ್ಲೂ ಜೀವ ಹಿಡಿಯುತ್ತದೆ, ಗೊಬ್ಬರ ಕೇಳುವುದಿಲ್ಲ, ಕಾಳಿನ ತೂಕದಲ್ಲಿ ಐದನೆಯ ಒಂದು ಭಾಗಕ್ಕೂ ಮಿಕ್ಕಿ ಪ್ರೋಟೀನ್ ಇದೆ. ಮನೆಯಲ್ಲಿ ಹುರಳಿ ಸಾರು ಉಳಿದರೆ ಆ ವರ್ಷ ಅರ್ಧ ಗೆದ್ದಂತೆ.

ಹುನಗುಂದದವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಒಂದು ಮೊಳ ಆಳಕ್ಕೆ ಜಲ್ಲಿ ಸಿಗುವ ಕೆಂಪು ನೆಲದ ಮಾತು. ಅಲ್ಲಿ ತೇವ ಉಳಿಯುವುದೇ ಕೆಲವು ದಿನ, ಆದ್ದರಿಂದ ಬೀಜ ಕೈಗೆಟಕುವ ದೂರದಲ್ಲಿರಬೇಕು.

ಒರಳುಕಲ್ಲು, ಮಧುಗಿರಿ

ಈವರೆಗೆ ಬರೆದವರೆಲ್ಲ ಬಿತ್ತನೆಯಿಂದ ಕೊಯ್ಲಿನವರೆಗಿನ ಮಾತಾಡಿದ್ದೀರಿ. ಕೊಯ್ಲಿನಿಂದ ತಟ್ಟೆಯವರೆಗಿನ ದಾರಿಯಲ್ಲಿಯೇ ಸಿರಿಧಾನ್ಯ ನಮ್ಮ ಮನೆಗಳಿಂದ ಹೊರಟುಹೋದದ್ದು. ನಾನು ಸ್ವಸಹಾಯ ಸಂಘವೊಂದರ ಸದಸ್ಯೆ. ನವಣೆ, ಸಾಮೆ, ಹಾರಕ ಬಿಟ್ಟದ್ದು ಏಕೆಂದು ಹಿರಿಯ ಹೆಂಗಸರನ್ನು ಕೇಳಿದರೆ ಯಾರೂ ಮಳೆಯ ಹೆಸರು ಹೇಳುವುದಿಲ್ಲ, ಒನಕೆಯ ಹೆಸರು ಹೇಳುತ್ತಾರೆ. ರಾಗಿಗೆ ಸಿಪ್ಪೆ ಸುಲಿಯುವ ಕೆಲಸವಿಲ್ಲ, ನೇರವಾಗಿ ಬೀಸಬಹುದು. ಅದು ಉಳಿದುಕೊಳ್ಳಲು ಇದೊಂದು ದೊಡ್ಡ ಕಾರಣ. ಹಾರಕಕ್ಕಾದರೆ ಹೊಟ್ಟು ಪದರ ಪದರವಾಗಿ ಅಂಟಿಕೊಂಡಿರುತ್ತದೆ, ಅರ್ಧ ದಿನ ಕುಟ್ಟಿದರೂ ಒಂದು ಹೊತ್ತಿನ ಅನ್ನಕ್ಕೆ ಮಾತ್ರ ಸಾಲುತ್ತದೆ. ಆ ಕೆಲಸ ಗಂಡಸರದ್ದಾಗಿದ್ದರೆ ಹಾರಕ ಇನ್ನೂ ಬೇಗ ಕಾಣೆಯಾಗುತ್ತಿತ್ತು ಎಂಬುದು ನನ್ನ ದೃಢವಾದ ನಂಬಿಕೆ.

ಈಗ ಸಿಪ್ಪೆ ಸುಲಿಯುವ ಸಣ್ಣ ಯಂತ್ರಗಳು ಬಂದಿವೆ. ಆದರೆ ಯಂತ್ರವಿರುವುದು ತಾಲ್ಲೂಕು ಕೇಂದ್ರದಲ್ಲಾದರೆ, ಇಪ್ಪತ್ತು ಕೆ.ಜಿ. ನವಣೆಯನ್ನು ಬಸ್ಸಿನಲ್ಲಿ ಹೊತ್ತು ಹೋಗಿ ಅಕ್ಕಿ ಮಾಡಿಸಿಕೊಂಡು ಬರುವವರು ಯಾರು? ಆದ್ದರಿಂದ ಕಾಳನ್ನು ವ್ಯಾಪಾರಿಗೆ ಕೊಟ್ಟು, ಅದೇ ನವಣೆಯ ಅಕ್ಕಿಯನ್ನು ಪೇಟೆಯಲ್ಲಿ ಹಲವು ಪಟ್ಟು ಬೆಲೆಗೆ ನೋಡಿ ಸುಮ್ಮನಾಗುತ್ತೇವೆ. ಸಿಪ್ಪೆ ಸುಲಿಯುವ ಗಿರಣಿ ಎರಡು ಮೂರು ಊರಿಗೊಂದು, ನಡೆದು ಹೋಗುವಷ್ಟು ಹತ್ತಿರದಲ್ಲಿ ಇಲ್ಲದಿದ್ದರೆ ನಿಮ್ಮ ಬೀಜ ಭಂಡಾರದಿಂದ ಬೆಳೆದದ್ದೆಲ್ಲ ಊರಿನ ಹೊರಗೇ ಹೋಗುತ್ತದೆ. ಅದು ಆದಾಯವಾದೀತು, ಆಹಾರ ಭದ್ರತೆಯಾಗದು.

ಎರಡು ವಿಷಯಗಳನ್ನು ಸೇರಿಸುತ್ತೇನೆ. ಕೊಯ್ಲಿನ ಹೊತ್ತಿನಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಹಾರಕವನ್ನು ಎಂದಿಗೂ ಉಣ್ಣಬಾರದು. ತಲೆಸುತ್ತು, ವಾಂತಿ ಬರುತ್ತದೆ, ಹೆಚ್ಚಾದರೆ ಅಪಾಯ. ಹಿಂಗಾರು ಮಳೆ ಕೊಯ್ಲಿನ ಮೇಲೆ ಬೀಳುವುದು ಹೆಚ್ಚಾಗಿರುವಾಗ ಹೊಸದಾಗಿ ಹಾರಕ ಬೆಳೆಯುವವರಿಗೆ ಇದನ್ನು ಯಾರೂ ಹೇಳಿಕೊಡುತ್ತಿಲ್ಲ. ಇನ್ನು ಕೊರಲೆ: ಇದು ನಮ್ಮ ಮಧುಗಿರಿ, ಶಿರಾ, ಪಾವಗಡ ಸೀಮೆಯದೇ ಧಾನ್ಯ, ಹುಣಸೆ ಮರದ ನೆರಳಿನಲ್ಲೂ ಬರುತ್ತದೆ, ಬೇರೇನೂ ಬಾರದ ಹೊಲದ ಮೂಲೆಗೂ ಒಗ್ಗುತ್ತದೆ. ಮೆಟ್ಟಿಲುಗಳ ಪಟ್ಟಿಯಲ್ಲಿ ಅದನ್ನು ಬಿಟ್ಟಿದ್ದೀರಿ.

ಸಡ್ಡೆ, ಬೆಂಗಳೂರು

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಕೃಷಿ ಓದಿದವನಾಗಿ ತಳಿಗಳ ಬಗ್ಗೆ ಕೆಲವು ಮಾತು. ರಾಗಿಯಲ್ಲಿ ಕರ್ನಾಟಕದ ಕೆಲಸ ದೊಡ್ಡದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಬೆದ್ದಲು ರಾಗಿಯ ಇಳುವರಿಗೆ ಹೊಸ ಎತ್ತರ ಬಂದದ್ದು ಆಗ. ನಂತರ ಬಂದ ಜಿಪಿಯು-28 ಬೆಂಕಿ ರೋಗವನ್ನು ತಡೆಯುತ್ತದೆ ಎಂಬ ಕಾರಣಕ್ಕೇ ದಕ್ಷಿಣದ ಜಿಲ್ಲೆಗಳ ತುಂಬ ಹರಡಿತು. ಅವಧಿ 110ರಿಂದ 115 ದಿನ. ಎಂಎಲ್-365 ಅದಕ್ಕಿಂತ ತುಸು ಬೇಗ ಬರುತ್ತದೆ, ಬರವನ್ನೂ ತಾಳುತ್ತದೆ. ಆಗಸ್ಟ್ ಬಿತ್ತನೆಗೆ ಇವೂ ತಡವೇ. ಜಿಪಿಯು-48ರಂಥ, ನೂರು ದಿನದ ಆಸುಪಾಸಿನಲ್ಲಿ ಬರುವ ತಳಿ ಬೇಕು. ಆಗಸ್ಟಿನಲ್ಲಿ ದೀರ್ಘಾವಧಿ ತಳಿ ಬಿತ್ತಿ, ತೆನೆ ಹಾಲುಗಟ್ಟುವ ಹೊತ್ತಿಗೆ ಮಳೆ ನಿಂತು ಜಳ್ಳಾದಾಗ ರಾಗಿಯನ್ನೇ ದೂರುವುದನ್ನು ಕಂಡಿದ್ದೇನೆ.

ಬೀಜವಿಲ್ಲದ ವಾರಕ್ಕೆ ಇನ್ನೊಂದು ದಾರಿಯೂ ಇದೆ. ಕೊಳವೆಬಾವಿ ಇರುವ ಒಬ್ಬರ ಹೊಲದಲ್ಲಿ ಊರಿಗೆಲ್ಲ ಸೇರಿ ರಾಗಿ ಸಸಿಮಡಿ ಹಾಕಿಕೊಂಡು, ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಮತ್ತೊಂದು ಮಡಿ ಹಾಕುತ್ತ ಹೋದರೆ, ಮಳೆ ಯಾವಾಗ ಬಂದರೂ ಮೂರು ವಾರದ ಸಸಿ ನಾಟಿಗೆ ಸಿದ್ಧವಿರುತ್ತದೆ. ಹೊಲದಲ್ಲಿ ಕಳೆಯಬೇಕಾದ ಮೊದಲ ಮೂರು ವಾರ ಮಡಿಯಲ್ಲೇ ಕಳೆದಿರುತ್ತದೆ. ಹಾವೇರಿ ಕಡೆಯ ಗುಳಿ ರಾಗಿಯಲ್ಲಿ ಚೌಕಾಕಾರದ ಸಾಲುಗಳ ಗುಳಿಯಲ್ಲಿ ಸಸಿ ನೆಟ್ಟು, ಅದರ ಮೇಲೆ ಕೊರಡು ಎಳೆದು, ತೆಂಡೆ (ಬುಡದಿಂದ ಒಡೆಯುವ ಕವಲು) ಹೆಚ್ಚಾಗುವಂತೆ ಮಾಡುತ್ತಾರೆ. ಬೀಜ ಬಹಳ ಕಡಿಮೆ ಸಾಕು. ಕೂಲಿಯ ಖರ್ಚು ಹೆಚ್ಚು ಎಂಬ ಕೊರತೆ ನಿಜ.

ಇನ್ನು ಬೀಜ ಕಾಪಿಡುವ ಬಗ್ಗೆ. ರಾಗಿ, ನವಣೆ, ಸಾಮೆ ಸ್ವಪರಾಗಸ್ಪರ್ಶದ ಬೆಳೆಗಳಾದ್ದರಿಂದ ಮನೆಯ ಬೀಜವನ್ನು ವರ್ಷದಿಂದ ವರ್ಷಕ್ಕೆ ಧೈರ್ಯವಾಗಿ ಬಿತ್ತಬಹುದು. ಮುಸುಕಿನ ಜೋಳ ಮತ್ತು ಸಜ್ಜೆಯ ಹೈಬ್ರಿಡ್‌ಗಳಿಗೆ ಇದು ಹೊಂದುವುದಿಲ್ಲ. ಚೆನ್ನಾಗಿ ಮಾಗಿದ ತೆನೆಗಳನ್ನು ಹೊಲದಲ್ಲೇ ಆರಿಸಿ, ಬಿಸಿಲಿನಲ್ಲಿ ಒಣಗಿಸಿ, ತೇವ ತಾಗದಂತೆ ಇಡಬೇಕು. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ಊಟಕ್ಕೆ ಬಳಸುವುದು ಒಳ್ಳೆಯದು. ಊರಿನವರು ಬೀಜ ಹಂಚಿಕೊಂಡರೆ ಕಾನೂನಿನ ತೊಡಕು ಬಂದೀತೇ ಎಂದು ಕೆಲವರು ಅಂಜುತ್ತಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಮ್ಮ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ಕೋಡಿನೀರು, ಕೋಲಾರ

ಕೃಷಿ ಹೊಂಡವನ್ನು ಬೀಜಕ್ಕೆ ಎದುರಾಗಿ ನಿಲ್ಲಿಸಬೇಡಿ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ, ಬದಿಗಳು ಇಳಿಜಾರಾಗಿರುವ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ ಹರಡಿದರೆ ಎರಡೂವರೆ ಅಂಗುಲ ಮಳೆ. ಇಷ್ಟರಲ್ಲಿ ಟೊಮೆಟೊ ಬೆಳೆಯಲು ಹೊರಟರೆ ಹೊಂಡ ಸೋಲುತ್ತದೆ, ಆದರೆ ತೆನೆ ಕಟ್ಟುವ ಹೊತ್ತಿನಲ್ಲಿ ರಾಗಿಗೆ ಒಂದು ಸಲ, ಎರಡು ಸಲ ನೀರು ಕೊಟ್ಟರೆ ಎಕರೆ ರಾಗಿ ಉಳಿಯುತ್ತದೆ. 2014ರಲ್ಲಿ ರಾಜ್ಯದ ಕೃಷಿ ಭಾಗ್ಯ ಯೋಜನೆ ಬಂದಾಗಿನಿಂದ ಬಹಳ ಹೊಂಡಗಳಾಗಿವೆ. ಅವುಗಳಲ್ಲಿ ಕೆಲವನ್ನು ಕೊಳವೆಬಾವಿಯ ನೀರು ತುಂಬಿಸುವ ತೊಟ್ಟಿಯಾಗಿ ಬಳಸುತ್ತಿರುವುದು ನೋವಿನ ಸಂಗತಿ. ಅದು ಮಳೆ ನೀರಿನ ಕೊಯ್ಲು ಅಲ್ಲವೇ ಅಲ್ಲ, ಅಂತರ್ಜಲವನ್ನು ಬಿಸಿಲಿಗೆ ಹರವುವುದು.

ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯನ್ನು ನಿಮ್ಮ ಕಡೆಯವರು ಹೋಗಿ ನೋಡಬೇಕು. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಹವಾಮಾನ ವೈಪರೀತ್ಯಕ್ಕೆ ಹೊಂದುವ ಬೇಸಾಯದ ನಿಕ್ರಾ ಯೋಜನೆಯಡಿ ಅಲ್ಲಿ ಬದು, ಕಂದಕ, ಹೊಂಡ, ಬಾಡಿಗೆ ಯಂತ್ರಗಳ ಕೇಂದ್ರ, ತಳಿ ಬದಲಾವಣೆ, ಎಲ್ಲವನ್ನೂ ಒಂದೇ ಊರಿನಲ್ಲಿ ಒಟ್ಟಿಗೆ ಮಾಡಿದ್ದಾರೆ. ಒಂದೊಂದನ್ನು ಒಂದೊಂದು ಊರಿಗೆ ಹಂಚಿದ್ದರೆ ಯಾವುದೂ ನಿಲ್ಲುತ್ತಿರಲಿಲ್ಲ ಎನಿಸುತ್ತದೆ.

ಕಡಲೆಬಳ್ಳಿ, ಚಳ್ಳಕೆರೆ

ಬೀಜದ ಲೆಕ್ಕ ನನಗೆ ಒಪ್ಪಿಗೆಯಾಯಿತು. ಆದರೆ ಎರಡು ಪ್ರಶ್ನೆಗಳು ಉಳಿದಿವೆ. ಒಂದು, ಬೆಲೆ. ರಾಗಿಗೆ 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿತ್ತು, ಸಾಮಾನ್ಯ ಭತ್ತಕ್ಕೆ ಇದ್ದದ್ದು 2,369. ಇದು ಒಳ್ಳೆಯದೇ. ಆದರೆ ನವಣೆ, ಸಾಮೆ, ಕೊರಲೆ, ಹಾರಕಗಳಿಗೆ ಕೇಂದ್ರದ ಬೆಂಬಲ ಬೆಲೆಯೇ ಇಲ್ಲ. ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟದ್ದು ಬೆಳೆಯಲು ಪ್ರೋತ್ಸಾಹವಾಯಿತು, ಮಾರಲು ಆಗಲಿಲ್ಲ.

ಎರಡು, ವಿಮೆ. ಅಕ್ಕಡಿ (ಮಿಶ್ರ ಬೆಳೆ) ಬಿತ್ತಿದ ಹೊಲವನ್ನು ಬೆಳೆ ಸಮೀಕ್ಷೆಯಲ್ಲಿ ಏನೆಂದು ಬರೆಸಬೇಕು? ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಇದ್ದರೆ ಯಾವುದಕ್ಕೆ ಪರಿಹಾರ? ಬಿತ್ತನೆಯೇ ಆಗದಿದ್ದಾಗ ವಿಮಾ ಮೊತ್ತದ ಶೇ 25ರಷ್ಟು ಸಿಗಬೇಕಾದರೂ ಆ ವಿಮಾ ಘಟಕದಲ್ಲಿ (ಪಂಚಾಯಿತಿಯಲ್ಲಿ) ಶೇ 75ಕ್ಕಿಂತ ಹೆಚ್ಚು ಪ್ರದೇಶ ಬಿತ್ತದೆ ಉಳಿದಿರಬೇಕು. ಊರಿನ ಅರ್ಧ ಜನ ತಡಮಳೆಯ ಬೀಜ ಹಾಕಿದರೆ, ಉಳಿದ ಅರ್ಧಕ್ಕೆ ಪರಿಹಾರ ತಪ್ಪುತ್ತದೆಯೇ ಎಂಬ ಭಯ ನಮ್ಮಲ್ಲಿ ಕೆಲವರಿಗಿದೆ.

ಸಡ್ಡೆ, ಬೆಂಗಳೂರು

ಬಿತ್ತನೆ ವಿಫಲತೆಯ ಲೆಕ್ಕ ಅಧಿಸೂಚಿತ ಬೆಳೆವಾರು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಯುತ್ತದೆ. ಹಾಗಾಗಿ ಭಯ ಪೂರ್ತಿ ನಿರಾಧಾರವಲ್ಲದಿದ್ದರೂ, ಹೆಚ್ಚಾಗಿ ಆ ನಿರ್ಧಾರ ತಡಮಳೆಯ ಬಿತ್ತನೆಗಿಂತ ಮೊದಲೇ ಆಗಿರಬೇಕು. ಅದು ಸಕಾಲದಲ್ಲಿ ಆಗುವಂತೆ ಪಂಚಾಯಿತಿಯಿಂದ ಲಿಖಿತವಾಗಿ ಕೇಳುವುದು ಒಳ್ಳೆಯದು. ಅಕ್ಕಡಿಯ ಬಗ್ಗೆ: ಸಮೀಕ್ಷೆಯಲ್ಲಿ ಮಿಶ್ರ ಬೆಳೆ ಎಂದು ದಾಖಲಿಸಲು ಅವಕಾಶವಿದೆ, ಸಮೀಕ್ಷೆಗೆ ಬಂದವರು ಬಿಡುವಿಲ್ಲದೆ ಒಂದೇ ಬೆಳೆ ಬರೆದು ಹೋಗದಂತೆ ರೈತರೇ ಜೊತೆಗಿರಬೇಕು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ವಿಶ್ವವಿದ್ಯಾಲಯದ ಶಿಫಾರಸಿನಂತೆ ಪಟ್ಟಿಯಾಗಿ ಬಿತ್ತಿದರೆ ವಿಸ್ತೀರ್ಣದ ಪಾಲು ಸ್ಪಷ್ಟವಾಗಿ ಕಾಣುತ್ತದೆ.

ಕೆಂಪುಮಸಬು, ಪಾವಗಡ ತಾಲ್ಲೂಕು

ಎಲ್ಲರ ಮಾತುಗಳನ್ನು ಇಟ್ಟುಕೊಂಡು ನಮ್ಮ ಪಂಚಾಯಿತಿಗೆ ಕೊಡಬೇಕೆಂದಿರುವ ಮನವಿಯನ್ನು ತಿದ್ದುತ್ತಿದ್ದೇನೆ. ಮೊದಲು ಬೀಜವೊಂದನ್ನೇ ಕೇಳಬೇಕೆಂದಿದ್ದೆವು. ಮಧುಗಿರಿಯ ಸೋದರಿ ಬರೆದ ಮೇಲೆ ಸಿಪ್ಪೆ ಸುಲಿಯುವ ಯಂತ್ರವನ್ನು ಅದರ ಜೊತೆಗೇ ಸೇರಿಸಿದ್ದೇವೆ, ಮತ್ತು ಎರಡನ್ನೂ ಸ್ವಸಹಾಯ ಸಂಘದ ಹೆಸರಿನಲ್ಲಿಯೇ ಕೇಳುತ್ತಿದ್ದೇವೆ. ಬೀಜ ಪಡೆದವರು ಕೊಯ್ಲಾದ ಮೇಲೆ ಒಂದಕ್ಕೆ ಎರಡರಂತೆ ಹಿಂದಿರುಗಿಸಬೇಕು. ಬೆಳೆ ಹೋದ ವರ್ಷ ಹಿಂದಿರುಗಿಸಬೇಕಾಗಿಲ್ಲ. ಆ ನಷ್ಟ ತುಂಬಲು ಒಂದು ಎಕರೆಯ ಬೀಜದ ಹೊಲವನ್ನು ನೀರಿನ ಆಸರೆ ಇರುವ ಕಡೆ ಪ್ರತಿವರ್ಷ ಬೆಳೆಯುವುದು. ಕೊರಲೆಯನ್ನು ನವಣೆ, ಸಾಮೆಗಳ ಮೆಟ್ಟಿಲಿಗೆ ಸೇರಿಸಲಾಗಿದೆ.

ಬೆಲೆಯ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಡುವ ಕ್ರಮ ಬಂದಿರುವಂತೆ, ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಆಯಾ ಪಂಚಾಯಿತಿಯ ನವಣೆ, ಕೊರಲೆಗಳನ್ನೇ ಕೊಳ್ಳುವಂತಾದರೆ ಸಣ್ಣದಾದರೂ ಖಚಿತವಾದ ಗಿರಾಕಿ ಊರಿನೊಳಗೇ ಸಿಗುತ್ತಾರೆ. ಇದನ್ನೂ ಮನವಿಯಲ್ಲಿ ಬರೆದಿದ್ದೇವೆ.

ಗೊತ್ತಿರಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆಯಾಗಿದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ. ನೆಲವಿದ್ದವರಿಗೆ ಅದು ಬರದ ವರ್ಷವೂ ತಪ್ಪದ ಆದಾಯ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ನೆಲದಲ್ಲಿ ಕೂಲಿಗೆ ಬರುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೊಯ್ಲಿನ ಪಾಲಿನ ಕಾಳೂ ಇಲ್ಲ. ಬೀಜ ಪಡೆಯುವವರ ಪಟ್ಟಿಯಲ್ಲಿ ಭೂಮಿಯಿಲ್ಲದೆ ಕೋರಿಗೆ (ಪಾಲಿಗೆ) ಮಾಡುವವರ ಹೆಸರೂ ಇರಬೇಕೆಂದು ಬರೆಯಲು ಇದೇ ಕಾರಣ. ಪಹಣಿ ಇದ್ದವರಿಗೆ ಮಾತ್ರ ಬೀಜ ಎಂಬ ನಿಯಮವನ್ನು ಯಾರಾದರೂ ಸೂಚಿಸಿದರೆ ನಾವು ಒಪ್ಪುವುದಿಲ್ಲ.

ಜಿಪಿಯು-48 ಅಥವಾ ಅದೇ ಅವಧಿಯ ಬೇರೆ ರಾಗಿಯನ್ನು ಶಿರಾ, ಮಧುಗಿರಿ, ಹಿರಿಯೂರು ಕಡೆ ಯಾರಾದರೂ ಬೆಳೆದು ಬೀಜ ಇಟ್ಟುಕೊಂಡಿದ್ದರೆ ತಿಳಿಸಿ. ಹತ್ತು ಕೆ.ಜಿ. ಸಿಕ್ಕರೂ ಮೊದಲ ವರ್ಷದ ಬೀಜದ ಹೊಲಕ್ಕೆ ಸಾಕು. ಬದಲಿಗೆ ನಮ್ಮಲ್ಲಿರುವ ಹುರಳಿ ಬೀಜ ಕೊಡುತ್ತೇವೆ.